ಕೊಪ್ಪಳದ ಮಸಾರಿ ನೆಲದಲ್ಲಿ ಚೀಡ್ ಪೈನ್: ಒಂದು ನರ್ಸರಿಯ ಸಸಿ ಮತ್ತು ಸೇವೆ, ಮೂರು ವರ್ಷಗಳ ನಂತರ

2022ರ ಆಗಸ್ಟ್ ಕೊನೆಯ ವಾರದಲ್ಲಿ ಕೊಪ್ಪಳ–ಹೊಸಪೇಟೆ ಹೆದ್ದಾರಿಯ ಬದಿಯಲ್ಲಿರುವ ಒಂದು ನರ್ಸರಿಯಿಂದ ಹಿಮಾಲಯದ ಸೂಜಿಯೆಲೆಯ ಮರವಾದ ಚೀಡ್ ಪೈನ್‌ನ ಆರು ಸಸಿಗಳನ್ನು ತಂದು ನಮ್ಮ ತೋಟದಲ್ಲಿ ನೆಟ್ಟಿದ್ದೆ. ಈಗ ಅವುಗಳಲ್ಲಿ ನಾಲ್ಕು ಬದುಕಿವೆ, ಎಲ್ಲಕ್ಕಿಂತ ಎತ್ತರದ್ದು 6 ಅಡಿ ಮುಟ್ಟಿದೆ. ಸಸಿ ತಂದ ತಿಂಗಳಲ್ಲೇ ಬರೆದಿದ್ದರೆ ನರ್ಸರಿಯನ್ನು ಬರಿದೇ ಹೊಗಳುತ್ತಿದ್ದೆ. ಎರಡು ಸಸಿ ಒಣಗಿದ ವಾರದಲ್ಲಿ ಬರೆದಿದ್ದರೆ ಬರಿದೇ ದೂರುತ್ತಿದ್ದೆ. ಮರದ ವಿಷಯದಲ್ಲಿ ಮೂರು ಬೇಸಿಗೆ ಕಳೆಯದೆ ಅಭಿಪ್ರಾಯ ಹೇಳಬಾರದು ಎಂದು ಕಾದು ಈಗ ಬರೆಯುತ್ತಿದ್ದೇನೆ. ನರ್ಸರಿಯವರು ವರ್ಷಕ್ಕೆ ಬೆಳೆಸುವ ಪೈನ್ ಸಸಿಗಳು ತೀರ ಕಡಿಮೆಯಾದ್ದರಿಂದ ಹೆಸರು ಹಾಕುವುದು ಬೇಡವೆಂದು ಕೇಳಿಕೊಂಡಿದ್ದಾರೆ, ಅದನ್ನು ಪಾಲಿಸಿದ್ದೇನೆ.

ನಮ್ಮಲ್ಲಿ ಪೈನ್ ಏಕೆ ಬೇಕಾಯಿತು ಎಂಬ ಪ್ರಶ್ನೆಯನ್ನು ಊರಿನವರೆಲ್ಲ ಕೇಳಿದ್ದಾರೆ. ನನ್ನ ತಮ್ಮ ಸೈನ್ಯದಲ್ಲಿದ್ದಾಗ ಕೆಲವು ವರ್ಷ ಉತ್ತರಾಖಂಡದ ರಾಣಿಖೇತದಲ್ಲಿದ್ದ. ಅಲ್ಲಿನ ಜನ ಚೀಡ್ ಎಂದು ಕರೆಯುವ ಈ ಮರದ ನೆರಳು, ಗಾಳಿಗೆ ಅದು ಮಾಡುವ ಸದ್ದು, ತೊಗಟೆಯಿಂದ ಇಳಿಯುವ ರಾಳದ ವಾಸನೆ ಇವುಗಳನ್ನು ರಜೆಗೆ ಬಂದಾಗಲೆಲ್ಲ ಹೇಳುತ್ತಿದ್ದ. ಅವನು ನಿವೃತ್ತನಾಗಿ ಊರಿಗೆ ಬರುವ ಹೊತ್ತಿಗೆ ಹೊಲದಲ್ಲಿ ಒಂದೆರಡು ಮರ ನಿಂತಿರಲಿ ಎಂಬ ಆಸೆಯಿಂದ 2020ರಲ್ಲಿ ಬೇರೊಂದು ಕಡೆ ‘ಪೈನ್’ ಎಂದು ಕೇಳಿ ಹತ್ತು ಸಸಿ ತಂದಿದ್ದೆ. ಅವು ಎಷ್ಟು ಚೆನ್ನಾಗಿ ಬೆಳೆದವೆಂದರೆ ಹದಿನಾಲ್ಕು ತಿಂಗಳಲ್ಲಿ ನನ್ನ ತಲೆಯನ್ನು ದಾಟಿದವು. ತಮ್ಮ ರಜೆಗೆ ಬಂದವನು ಗಿಡದ ಹತ್ತಿರ ಹೋಗಿ, ಒಂದು ಎಳೆಯನ್ನು ಕಿತ್ತು, ಎರಡು ಬೆರಳಲ್ಲಿ ಹಿಡಿದು ಎಳೆದ. ಅದು ಗೆಣ್ಣು ಗೆಣ್ಣಾಗಿ ಕಳಚಿಕೊಂಡಿತು. “ಅಕ್ಕಾ, ಇದು ಸರ್ವೆ ಮರ ಐತಿ, ಚೀಡ್ ಅಲ್ಲ” ಎಂದು ಮೆಲ್ಲಗೆ ಹೇಳಿದ.

ಈ ಪರೀಕ್ಷೆಯನ್ನು ಪೈನ್ ಕೊಳ್ಳಹೋಗುವ ಪ್ರತಿಯೊಬ್ಬರೂ ಕಲಿತಿರಬೇಕು. ಗಾಳಿಮರವೆಂದೂ ಕರೆಯುವ ಸರ್ವೆಯಲ್ಲಿ ಸೂಜಿಯಂತೆ ಕಾಣುವುದು ಎಲೆಯಲ್ಲ, ಹಸಿರು ರೆಂಬೆ. ನಿಜವಾದ ಎಲೆಗಳು ಅದರ ಪ್ರತಿ ಗೆಣ್ಣಿನಲ್ಲಿ ಹಲ್ಲಿನ ಸಾಲಿನಂತೆ ಸುತ್ತುವರಿದ ಸಣ್ಣ ಪೊರೆಗಳು. ಪೈನ್‌ನ ಸೂಜಿ ಒಂದೇ ಅಖಂಡ ಎಲೆ. ಎಳೆದರೆ ಹರಿಯುತ್ತದೆ, ಗೆಣ್ಣು ಬಿಡುವುದಿಲ್ಲ. ಅಲ್ಲದೆ ಸೂಜಿಗಳು ಒಂಟಿಯಾಗಿರದೆ ಬುಡದಲ್ಲಿ ಒಂದು ತೆಳು ಕವಚದೊಳಗೆ ಕಟ್ಟಾಗಿ ಹುಟ್ಟುತ್ತವೆ, ಚೀಡ್‌ನಲ್ಲಿ ಒಂದು ಕಟ್ಟಿಗೆ ಮೂರು. ತೀರ ಎಳೆಯ ಚೀಡ್ ಸಸಿಯಲ್ಲಿ ಮಾತ್ರ ಈ ಲೆಕ್ಕ ತಪ್ಪಬಹುದು, ಏಕೆಂದರೆ ಮೊದಮೊದಲು ಬರುವ ಎಲೆಗಳು ಒಂಟಿ, ಚಿಕ್ಕವು, ತುಸು ನೀಲಿ ಬೆರೆತ ಹಸಿರು. ಮೂರರ ಕಟ್ಟು ಆಮೇಲೆ ಬರುತ್ತದೆ. ಸರ್ವೆಯ ಬಗ್ಗೆ ನನಗೆ ತಕರಾರಿಲ್ಲ. ಅದರ ಬೇರಿನಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ, ಬದುವಿನ ಮೇಲೆ ಅದು ಒಳ್ಳೆಯ ಗಾಳಿತಡೆ, ಆ ಹತ್ತೂ ಗಿಡಗಳು ಇಂದಿಗೂ ನಮ್ಮ ಬದುವಿನಲ್ಲಿವೆ. ಆದರೆ ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರಬಾರದು. ಮರದ ಹೆಸರು ತಪ್ಪಿದರೆ ನೆಲ, ನೀರು, ಅಂತರ ಎಲ್ಲವೂ ತಪ್ಪುತ್ತವೆ, ಮತ್ತು ತಪ್ಪು ತಿಳಿಯುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ.

ಆದ್ದರಿಂದ ಹೆದ್ದಾರಿಯ ಈ ನರ್ಸರಿಗೆ ಹೋದಾಗ ನಾನು ಅನುಮಾನದಿಂದಲೇ ಹೋಗಿದ್ದೆ. ಮಾಲೀಕರು ಸಸಿ ತೋರಿಸುವ ಮೊದಲು ಹೊಲದ ವಿಚಾರ ಕೇಳಿದರು. ನಮಗೆ ಎರಡು ಕಡೆ ನೆಲವಿದೆ: ಯಲಬುರ್ಗಾ ಕಡೆ ಎರೆ, ಅಂದರೆ ಕಪ್ಪು ಮಣ್ಣಿನ ಹೊಲ, ಕೊಪ್ಪಳದ ಹತ್ತಿರ ಕಲ್ಲುಗುಡ್ಡದ ಬುಡದಲ್ಲಿ ಎರಡು ಎಕರೆ ಮಸಾರಿ, ಅಂದರೆ ಕೆಂಪು ಮಣ್ಣು. ಎರೆ ಹೊಲದಲ್ಲಿ ಜಾಗ ಹೆಚ್ಚಿದೆ, ಅಲ್ಲಿಯೇ ಹಾಕುತ್ತೇನೆ ಎಂದೆ. “ಎರಿಗೆ ಬ್ಯಾಡ್ರಿ ಅಕ್ಕಾರ. ಅಲ್ಲಿ ಹಾಕೂದಾದ್ರ ನಾ ಸಸಿ ಕೊಡೂದಿಲ್ಲ. ಮೊದಲ ಮಣ್ಣು ಪರೀಕ್ಷಾ ಮಾಡಿಸ್ಕೊಂಡು ಬರ್ರಿ” ಎಂದು ನೇರವಾಗಿ ಹೇಳಿದರು. ಆ ದಿನ ಬರಿಗೈಯಲ್ಲಿ ಮನೆಗೆ ಬಂದೆ. ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಎರಡೂ ಮಣ್ಣುಗಳನ್ನು ಪರೀಕ್ಷೆಗೆ ಕೊಟ್ಟಾಗ ಎರೆಯ ರಸಸಾರ (ಪಿಎಚ್) 8.4, ಮಸಾರಿಯದು 7.3 ಬಂತು. ಪೈನ್ ಜಾತಿಯ ಬಹುತೇಕ ಮರಗಳು ತುಸು ಹುಳಿ ಮಣ್ಣನ್ನು, ಅಂದರೆ 5.5ರಿಂದ 6.5ರ ಆಸುಪಾಸಿನ ರಸಸಾರವನ್ನು ಇಷ್ಟಪಡುತ್ತವೆ. ಸುಣ್ಣದ ಅಂಶ ಹೆಚ್ಚಿರುವ ಎರೆಯಲ್ಲಿ ಕಬ್ಬಿಣ ಮಣ್ಣಿನಲ್ಲಿ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಮಳೆಗಾಲದಲ್ಲಿ ನೀರು ನಿಂತು ಬೇರು ಉಸಿರುಗಟ್ಟುತ್ತದೆ, ಬೇಸಿಗೆಯಲ್ಲಿ ನೆಲ ಬಿರುಕುಬಿಟ್ಟು ಎಳೆಯ ಬೇರು ಹರಿಯುತ್ತದೆ. ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಸಾರಿಯಲ್ಲಿ ನೀರು ಬಸಿದು ಹೋಗುತ್ತದೆ, ಆದ್ದರಿಂದ ಅಲ್ಲಿಯೇ ನೆಟ್ಟೆ. ನನ್ನ ಕೈಯಲ್ಲಿ ಹಣವಿದ್ದೂ, ಮಾಲೀಕರ ಬಳಿ ಸಸಿಯಿದ್ದೂ, ಇಲ್ಲ ಎಂದು ಹೇಳಿದ ಆ ಒಂದು ಮಾತಿಗಾಗಿಯೇ ಈ ನರ್ಸರಿಯನ್ನು ನಾನು ಇತರರಿಗೆ ಹೇಳುತ್ತೇನೆ.

ಜಾತಿಯ ಆಯ್ಕೆಯೂ ವಿಚಾರ ಮಾಡಿಯೇ ಆಗಿತ್ತು. ಊಟಿ, ಕೊಡೈಕೆನಾಲ್‌ಗಳ ಪೈನ್ ತೋಪುಗಳನ್ನು ನೋಡಿ ಬಂದವರು ಅದೇ ಮರ ಬೇಕೆಂದು ಕೇಳುತ್ತಾರಂತೆ. ಅಲ್ಲಿನ ಎತ್ತರ 2000 ಮೀಟರ್‌ಗಿಂತ ಹೆಚ್ಚು, ಕೊಪ್ಪಳದ್ದು ಸುಮಾರು 500. ಅಲ್ಲಿಯ ತಂಪಿಗೆ ಒಗ್ಗಿದ ಮರವನ್ನು ಇಲ್ಲಿಯ ಮೇ ತಿಂಗಳಿಗೆ ಒಡ್ಡುವುದು ಗಿಡಕ್ಕೂ ಕೊಂಡವರಿಗೂ ಹಿಂಸೆ. ಚೀಡ್ ಹಿಮಾಲಯದ ಪೈನ್‌ಗಳಲ್ಲೇ ಅತ್ಯಂತ ಕೆಳಗಿಳಿದು ಬರುವಂಥದ್ದು. ಸುಮಾರು 450 ಮೀಟರ್ ಎತ್ತರದಿಂದ 2300 ಮೀಟರ್‌ವರೆಗೆ ಅದು ಸಹಜವಾಗಿ ಬೆಳೆಯುತ್ತದೆ, ಕಲ್ಲು ನೆಲವನ್ನೂ ಒಣ ಇಳಿಜಾರನ್ನೂ ತಾಳಿಕೊಳ್ಳುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಸರಳ ಎಂಬ ಹೆಸರಿದೆ, ನೆಟ್ಟಗೆ ನಿಲ್ಲುವ ಅದರ ಕಾಂಡವನ್ನು ನೋಡಿದರೆ ಹೆಸರು ಒಪ್ಪುತ್ತದೆ. ಹಾಗೆಂದು ಕೊಪ್ಪಳ ಇದಕ್ಕೆ ತವರಾಗುವುದಿಲ್ಲ. ನಮ್ಮ ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು, ಹಿಮಾಲಯದ ಚೀಡ್ ಕಾಡಿಗೆ ಬೀಳುವುದು ಇದಕ್ಕಿಂತ ಬಹಳ ಹೆಚ್ಚು. ಕೊಟ್ಟ ನೀರಿನಿಂದಲೇ ಈ ಮರ ಇಲ್ಲಿ ಬದುಕಬೇಕು ಎಂಬುದನ್ನು ಮಾಲೀಕರು ಮುಚ್ಚಿಡದೆ ಹೇಳಿದ್ದರು, ಎಕರೆಗಟ್ಟಲೆ ಹಾಕಲು ಬಂದವರನ್ನು ತಡೆಯುತ್ತಾರೆಂದೂ ಕೇಳಿದ್ದೇನೆ. ಅದು ಸರಿ. ಮನೆಯ ಆಸೆಗೆ ನಾಲ್ಕಾರು ಮರ ಹಾಕುವುದು ಬೇರೆ, ನಮ್ಮ ಗುಡ್ಡದ ಸಹಜ ಗಿಡಗಂಟಿಗಳನ್ನು ತೆಗೆದು ಪೈನ್ ತೋಪು ಮಾಡುವುದು ಬೇರೆ.

ಸಸಿಯ ಚೀಲದೊಳಗಿನ ಮಣ್ಣಿನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಈ ನರ್ಸರಿಯ ನಿಜವಾದ ಗುಟ್ಟು ಅಲ್ಲಿದೆ. ಪೈನ್‌ನ ಬೇರು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಎಳೆಯ ಬೇರಿನ ತುದಿಗಳನ್ನು ಕೆಲವು ಬಗೆಯ ಶಿಲೀಂಧ್ರಗಳು ತೊಗಲಿನಂತೆ ಹೊದ್ದುಕೊಂಡು, ದೂರದ ಮಣ್ಣಿನಿಂದ ನೀರು, ರಂಜಕಗಳನ್ನು ತಂದು ಕೊಡುತ್ತವೆ. ಬದಲಿಗೆ ಮರ ಅವುಗಳಿಗೆ ಸಕ್ಕರೆ ಕೊಡುತ್ತದೆ. ಪೈನ್ ಎಂದೂ ಬೆಳೆದಿರದ ನೆಲದಲ್ಲಿ ಈ ಶಿಲೀಂಧ್ರಗಳು ಇರುವುದಿಲ್ಲ. ಪೋರ್ಟೊ ರಿಕೊ ದ್ವೀಪದಲ್ಲಿ 1930ರ ದಶಕದಿಂದ ಪೈನ್ ನೆಡುವ ಪ್ರಯತ್ನಗಳು ಮತ್ತೆ ಮತ್ತೆ ಸೋತು, 1950ರ ದಶಕದಲ್ಲಿ ಪೈನ್ ಕಾಡಿನ ಮಣ್ಣನ್ನು ತಂದು ಸಸಿಯ ಬುಡಕ್ಕೆ ಹಾಕಿದ ಮೇಲೆಯೇ ಗಿಡಗಳು ಎದ್ದು ನಿಂತವು. ಈ ನರ್ಸರಿಯವರು ಬಹಳ ಹಿಂದೆ ಊಟಿ ಕಡೆಯ ಒಂದು ಖಾಸಗಿ ತೋಟದ ಪೈನ್ ಮರಗಳ ಕೆಳಗಿನ ಮಣ್ಣನ್ನು ಎರಡು ಚೀಲ ತಂದು, ದೊಡ್ಡ ಸಿಮೆಂಟ್ ರಿಂಗುಗಳಲ್ಲಿ ಮೂರು ತಾಯಿಗಿಡಗಳನ್ನು ಬೆಳೆಸಿದ್ದಾರೆ. ಪ್ರತಿ ವರ್ಷ ಹೊಸ ಸಸಿಗಳ ಮಣ್ಣಿಗೆ ಆ ರಿಂಗಿನ ಮಣ್ಣನ್ನು ಒಂದೊಂದು ಹಿಡಿ ಬೆರೆಸುತ್ತಾರೆ, ಹೆಪ್ಪು ಹಾಕಿದ ಹಾಗೆ. ನಾನು ಸಸಿ ನೆಡುವಾಗ ಮಣ್ಣುಂಡೆಯ ಅಂಚಿನಲ್ಲಿ ಬೇರಿನ ತುದಿಗಳು ಕವಲೊಡೆದು ಮೊಂಡಾಗಿದ್ದುದನ್ನೂ, ಅವುಗಳ ಸುತ್ತ ಬಿಳಿಯ ನೂಲಿನಂಥದ್ದು ಹರಡಿದ್ದುದನ್ನೂ ಕಣ್ಣಾರೆ ಕಂಡೆ. ಅದನ್ನು ರೋಗವೆಂದು ತಿಳಿದು ತೊಳೆದುಹಾಕುವವರಿದ್ದಾರೆ, ಹಾಗೆ ಮಾಡಬೇಡಿ.

ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಗೊಬ್ಬರದ ಅಂಗಡಿಗಳಲ್ಲಿ ವ್ಯಾಮ್ ಎಂಬ ಹೆಸರಿನಲ್ಲಿ ಮೈಕೊರೈಜಾ, ಅಂದರೆ ಬೇರಿನೊಡನೆ ಬಾಳುವ ಶಿಲೀಂಧ್ರದ ಪುಡಿ ಸಿಗುತ್ತದೆ. ಮೆಣಸಿನಕಾಯಿ, ದಾಳಿಂಬೆ, ಮೆಕ್ಕೆಜೋಳಗಳಿಗೆ ಅದು ಸರಿ, ಪೈನ್‌ಗೆ ಅಲ್ಲ. ವ್ಯಾಮ್‌ನ ಶಿಲೀಂಧ್ರ ಬೇರಿನ ಜೀವಕೋಶದ ಒಳಹೊಕ್ಕು ಬಾಳುವಂಥದ್ದು, ಪೈನ್‌ಗೆ ಬೇಕಾದ್ದು ಬೇರನ್ನು ಹೊರಗಿನಿಂದ ಹೊದೆಯುವ ಬೇರೊಂದು ಕುಲ. ನಾನು ಒಂದು ಕಿಲೋ ಪುಡಿ ಕೊಂಡು ತಂದ ಮೇಲೆ ಈ ವ್ಯತ್ಯಾಸವನ್ನು ನರ್ಸರಿಯವರಿಂದ ತಿಳಿದುಕೊಂಡೆ, ಪುಡಿ ಟೊಮೆಟೊ ಮಡಿಗೆ ಹೋಯಿತು.

ಇನ್ನು ದೋಷಗಳು. ಆರರಲ್ಲಿ ಎರಡು ಸಸಿಗಳು ಚೀಲದಲ್ಲಿ ಬಹಳ ಕಾಲ ಕುಳಿತಿದ್ದವು. ಮೇಲಿನಿಂದ ನೋಡಿದರೆ ಎಲ್ಲಕ್ಕಿಂತ ದೊಡ್ಡವು ಅವೇ ಆಗಿದ್ದರಿಂದ ನಾನು ಆಸೆಯಿಂದ ಆರಿಸಿಕೊಂಡೆ, ಅವರೂ ಬೇಡವೆನ್ನಲಿಲ್ಲ. ಚೀಡ್ ಮೊದಲ ವರ್ಷಗಳಲ್ಲಿ ತಾಯಿಬೇರನ್ನು ಆಳಕ್ಕೆ ಇಳಿಸುವ ಮರ. ಚೀಲದ ತಳ ಮುಟ್ಟಿದ ಬೇರು ಹೋಗಲು ದಾರಿ ಕಾಣದೆ ಸಿಂಬಿಯಂತೆ ಸುತ್ತಿಕೊಳ್ಳುತ್ತದೆ, ನೆಲಕ್ಕಿಟ್ಟ ಮೇಲೆಯೂ ಆ ಸುತ್ತು ಬಿಚ್ಚುವುದಿಲ್ಲ. ಆ ಎರಡು ಸಸಿಗಳು 2023ರ ಬರದ ವರ್ಷದಲ್ಲಿ, ಉಳಿದವುಗಳಷ್ಟೇ ನೀರು ಕುಡಿದೂ ಒಣಗಿದವು. ಕಿತ್ತು ನೋಡಿದಾಗ ಬೇರು ಚೀಲದ ಆಕಾರದಲ್ಲೇ ಇತ್ತು, ಅದರಾಚೆಯ ಮಣ್ಣಿಗೆ ಒಂದು ಎಳೆಯೂ ಹೋಗಿರಲಿಲ್ಲ. ಎರಡನೆಯ ದೋಷ, ಸಸಿಗಳನ್ನು ನೆರಳು ಪರದೆಯ ಕೆಳಗಿನಿಂದ ನೇರವಾಗಿ ಎತ್ತಿ ಕೊಟ್ಟದ್ದು. ಬಯಲಿನ ಬಿಸಿಲಿಗೆ ಹಂತ ಹಂತವಾಗಿ ರೂಢಿ ಮಾಡಿಸಬೇಕಿತ್ತು, ಅಥವಾ ಕೊಂಡವರಿಗೆ ಹಾಗೆ ಮಾಡಿರೆಂದು ಹೇಳಬೇಕಿತ್ತು. ನೆಟ್ಟ ಹತ್ತು ದಿನಗಳಲ್ಲಿ ಆರೂ ಗಿಡಗಳ ಸೂಜಿಯ ತುದಿಗಳು ಸುಟ್ಟವು, ಗೋಣಿತಟ್ಟಿನ ಮರೆ ಕಟ್ಟಿ ಉಳಿಸಿಕೊಂಡೆ. ಮೂರನೆಯದು, ಆರೈಕೆಯ ಸೂಚನೆಗಳನ್ನು ಎಲ್ಲಿಯೂ ಬರೆದು ಕೊಡದೇ ಇದ್ದದ್ದು. ಮಾಲೀಕರು ಬಾಯಿಮಾತಿನಲ್ಲಿ ಚೆನ್ನಾಗಿ ಹೇಳುತ್ತಾರೆ, ಆದರೆ ಅವರಿಲ್ಲದ ದಿನ ಹೋದವರಿಗೆ ಕೆಲಸದ ಹುಡುಗರು ಬೆಲೆ ಬಿಟ್ಟು ಬೇರೇನೂ ಹೇಳಲಾರರು.

ದೋಷಗಳನ್ನು ಅವರು ನಡೆಸಿಕೊಂಡ ರೀತಿಯನ್ನೂ ಹೇಳಬೇಕು. ಒಣಗಿದ ಗಿಡದ ಬೇರಿನ ಚಿತ್ರವನ್ನು ಫೋನಿನಲ್ಲಿ ಕಳಿಸಿದ ದಿನವೇ ಕರೆ ಮಾಡಿ, “ತಪ್ಪು ನಮ್ದ ಐತ್ರಿ ಅಕ್ಕಾರ, ದೊಡ್ಡ ಸಸಿ ಅಂತ ನಾನೂ ಕೊಟ್ಟುಬಿಟ್ಟೆ” ಎಂದರು. ಎರಡರ ಹಣ ಮರಳಿಸುತ್ತೇನೆಂದಾಗ ಹಣ ಬೇಡ, ಸಸಿ ಕೊಡಿ ಎಂದೆ. ಬರದ ವರ್ಷದಲ್ಲಿ ಬೀಜ ಸರಿಯಾಗಿ ಮೊಳೆಯದೆ ಸಸಿ ತಯಾರಾಗಲಿಲ್ಲ, ಹಾಗಾಗಿ ಆ ಬಾಕಿ ಇನ್ನೂ ಉಳಿದಿದೆ.

ನಾಲ್ಕು ಗಿಡಗಳು ಉಳಿದು ಬೆಳೆದ ಕ್ರಮವನ್ನು, ನರ್ಸರಿಯವರ ಸಲಹೆ ಮತ್ತು ನನ್ನ ಅನುಭವ ಎರಡನ್ನೂ ಸೇರಿಸಿ ಬರೆಯುತ್ತೇನೆ. ನಮ್ಮ ಕಡೆ ಮಳೆಯ ಜೋರು ಸೆಪ್ಟೆಂಬರಿನಲ್ಲಿ ಇರುವುದರಿಂದ ಜೂನ್‌ಗಿಂತ ಆಗಸ್ಟ್ ಕೊನೆಯಲ್ಲಿ ನೆಡುವುದು ಲೇಸು. ಎರಡಡಿ ಅಗಲ, ಎರಡಡಿ ಆಳದ ತೆಗ್ಗು ತೆಗೆದು, ಅದೇ ಮಣ್ಣಿಗೆ ಗರಸು ಮತ್ತು ಪೂರ್ತಿ ಕಳಿತ ಎಲೆಗೊಬ್ಬರ ಬೆರೆಸಿ ತುಂಬಿದೆ. ಹಸಿ ಸಗಣಿ ಗೊಬ್ಬರವನ್ನು ಹಾಕಲಿಲ್ಲ, ಅದು ಗೆದ್ದಲನ್ನು ಕರೆಯುತ್ತದೆ. ಗೆದ್ದಲು ನಮ್ಮ ಮಸಾರಿಯಲ್ಲಿ ಎಳೆಯ ಮರದ ಮೊದಲ ಶತ್ರು. ಬದಲಾಗಿ ತೆಗ್ಗಿಗೆ ಒಂದು ಕಿಲೋದಂತೆ ಬೇವಿನ ಹಿಂಡಿ ಬೆರೆಸಿದೆ. ಯೂರಿಯಾ, ಡಿಎಪಿಗಳನ್ನು ಇಂದಿಗೂ ಮುಟ್ಟಿಸಿಲ್ಲ. ರಂಜಕದ ಗೊಬ್ಬರ ಹೆಚ್ಚಾದರೆ ಬೇರಿನ ಶಿಲೀಂಧ್ರವೇ ಸೊರಗುತ್ತದೆ. ಗಿಡದಿಂದ ಗಿಡಕ್ಕೆ 20 ಅಡಿ, ಮನೆಯಿಂದ 40 ಅಡಿ ಬಿಟ್ಟಿದ್ದೇನೆ. ತವರಿನಲ್ಲಿ ಈ ಮರ 30 ಮೀಟರ್ ದಾಟುತ್ತದೆ, ಅದಕ್ಕಿಂತಲೂ ಮುಖ್ಯವಾಗಿ ಉದುರಿದ ಒಣ ಸೂಜಿ ರಾಳದ ಅಂಶದಿಂದ ಬೇಗ ಬೆಂಕಿ ಹಿಡಿಯುತ್ತದೆ. ಉತ್ತರಾಖಂಡದಲ್ಲಿ ಬೇಸಿಗೆಯ ಕಾಡ್ಗಿಚ್ಚು ಹರಡುವುದಕ್ಕೆ ಚೀಡ್‌ನ ಉದುರು ಒಂದು ದೊಡ್ಡ ಕಾರಣ. ನಮ್ಮಲ್ಲಿ ಸುಗ್ಗಿಯ ನಂತರ ಹೊಲದ ಕಸಕ್ಕೆ ಬೆಂಕಿ ಇಡುವ ರೂಢಿಯಿರುವುದರಿಂದ ಪಕ್ಕದ ಹೊಲದವರಿಗೂ ಹೇಳಿಟ್ಟಿದ್ದೇನೆ.

ನೀರಿನ ವಿಷಯದಲ್ಲಿ ನಾನು ಮಾಡಿದ ತಪ್ಪು ನರ್ಸರಿಯ ಸೇವೆಯ ಗುಣವನ್ನು ತೋರಿಸಿಕೊಟ್ಟಿತು. ಮೊದಲ ಆರು ತಿಂಗಳು ವಾರಕ್ಕೆರಡು ಸಲ 10 ಲೀಟರ್, ಎರಡನೆಯ ವರ್ಷ ವಾರಕ್ಕೊಮ್ಮೆ 20 ಲೀಟರ್, ಈಗ ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ 40 ಲೀಟರ್ ಕೊಡುತ್ತೇನೆ. ದಿನವೂ ಸ್ವಲ್ಪ ಸ್ವಲ್ಪ ಕೊಟ್ಟರೆ ಬೇರು ಮೇಲ್ಪದರದಲ್ಲೇ ಉಳಿಯುತ್ತದೆ. ಅಂತರ ಬಿಟ್ಟು ಆಳಕ್ಕಿಳಿಯುವಂತೆ ಕೊಟ್ಟರೆ ನೀರನ್ನು ಹುಡುಕಿಕೊಂಡು ಕೆಳಗೆ ಹೋಗುತ್ತದೆ. ಪ್ರಮಾಣ ಸರಿಯಿತ್ತು, ನೀರೇ ಸರಿಯಿರಲಿಲ್ಲ. 2024ರ ಬೇಸಿಗೆಯಲ್ಲಿ ಹೊಸ ಸೂಜಿಗಳು ಹಳದಿಯಾಗಿ, ನಂತರ ಬಿಳಿಚಿಕೊಂಡು ಹುಟ್ಟತೊಡಗಿದವು. ಚೀಡ್‌ನ ಹಳೆಯ ಸೂಜಿಗಳು, ಅಂದರೆ ಕೊಂಬೆಯ ಒಳಭಾಗದವು, ಬೇಸಿಗೆಯ ಹೊತ್ತಿಗೆ ಹಳದಿಯಾಗಿ ಉದುರುವುದು ಸಹಜ. ತುದಿಯ ಹೊಸ ಸೂಜಿ ಹಳದಿಯಾದರೆ ಅದು ರೋಗಲಕ್ಷಣ. ಮಾಲೀಕರು ಒಂದು ಭಾನುವಾರ ತಾವೇ ಬೈಕಿನಲ್ಲಿ ಬಂದು ನೋಡಿ, ಮೊದಲು ಬೋರ್ ನೀರನ್ನು ನಾಲಿಗೆಗೆ ಮುಟ್ಟಿಸಿಕೊಂಡರು, ಆಮೇಲೆ ಗಿಡದ ಬುಡದಲ್ಲಿ ಕಟ್ಟಿದ ಬಿಳಿ ಪೊರೆಯನ್ನು ಕೆರೆದು ತೋರಿಸಿದರು. ಎರಡು ವರ್ಷ ಸವುಳು ನೀರು ಕುಡಿದು ಮಸಾರಿಯೂ ಎರೆಯ ಗುಣಕ್ಕೆ ಹತ್ತಿರವಾಗಿ, ಕಬ್ಬಿಣ ಬೇರಿಗೆ ದಕ್ಕದಂತಾಗಿತ್ತು.

ಅನ್ನಭೇದಿಯನ್ನು (ಕಬ್ಬಿಣದ ಸಲ್ಫೇಟ್) ಬುಡಕ್ಕೆ ಹಾಕಲೇ ಎಂದು ನಾನು ಕೇಳಿದ್ದಕ್ಕೆ, ಇಂಥ ಮಣ್ಣಿನಲ್ಲಿ ಅದು ಕೆಲವೇ ದಿನಗಳಲ್ಲಿ ಗಟ್ಟಿಯಾಗಿ ಬೇರಿಗೆ ಸಿಗದಂತಾಗುತ್ತದೆ ಎಂದು ಬಿಡಿಸಿ ಹೇಳಿದರು. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಕರಗಿಸಿ ಸಂಜೆ ಹೊತ್ತಿನಲ್ಲಿ ಸೂಜಿಗಳ ಮೇಲೆ ಸಿಂಪಡಿಸುವುದು, ಇಂಥ ಮಣ್ಣಿನಲ್ಲೂ ಬೇರಿಗೆ ಸಿಗುವ ಚೀಲೇಟ್ ರೂಪದ ಕಬ್ಬಿಣವನ್ನು ಬುಡಕ್ಕೆ ಕೊಡುವುದು, ಗಂಧಕದ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಮಣ್ಣಿಗೆ ಸೇರಿಸುವುದು, ಇವೆಲ್ಲಕ್ಕಿಂತ ಮೊದಲು ಬೋರ್ ನೀರನ್ನು ನಿಲ್ಲಿಸುವುದು ಅವರ ಸಲಹೆಯಾಗಿತ್ತು. ಮನೆಯ ಮಾಳಿಗೆಯ ಮಳೆನೀರನ್ನು ಒಂದು ತೊಟ್ಟಿಗೆ ತಿರುಗಿಸಿದೆ. ನಾಲ್ಕು ಗಿಡಗಳಿಗೆ ಅದು ಇಡೀ ಬೇಸಿಗೆಗೆ ಸಾಲದು, ಆದರೆ ಮೂರು ಸಲ ಮಳೆನೀರು, ಒಂದು ಸಲ ಬೋರ್ ನೀರು ಎಂಬ ಸರದಿಗೆ ಬಹುಪಾಲು ಸಾಕಾಗುತ್ತದೆ. ಬುಡಕ್ಕೆ ಶೇಂಗಾ ಹೊಟ್ಟಿನ ಹೊದಿಕೆ ಹಾಕಿ, ಕಾಂಡದಿಂದ ಒಂದು ಗೇಣು ದೂರ ಬಿಟ್ಟಿದ್ದೇನೆ. ಐದು ತಿಂಗಳಲ್ಲಿ ಹೊಸ ಸೂಜಿಗಳು ಹಸಿರಾದವು. ಈ ಭೇಟಿಗೆ ಅವರು ಪೆಟ್ರೋಲಿನ ಖರ್ಚನ್ನೂ ತೆಗೆದುಕೊಳ್ಳಲಿಲ್ಲ, ಚಹಾ ಮಾತ್ರ ಕುಡಿದು ಹೋದರು.

ಕತ್ತರಿ ಹಾಕುವ ಬಗ್ಗೆ ಒಂದು ಮಾತು. ಬೇವು, ಹೊಂಗೆಗಳಂತೆ ಇದನ್ನು ಸವರಲು ಹೋಗಬಾರದು. ನಡುವಿನ ಮೇಲ್ಚಿಗುರನ್ನು ಕತ್ತರಿಸಿದರೆ ಮರದ ರೂಪವೇ ಕೆಡುತ್ತದೆ. ನಮ್ಮ ಒಂದು ಗಿಡದ ತುದಿಯನ್ನು ಮೇಕೆ ಕಡಿದು, ಈಗ ಅದು ಎರಡು ತಲೆಯಾಗಿ ಬೆಳೆಯುತ್ತಿದೆ. ಸೆಟೆದು ನಿಂತ ಆ ಬಿಳಿ ಮೊಗ್ಗಿನಂಥ ಚಿಗುರನ್ನು ಮೊದಲ ಐದು ವರ್ಷ ಬೇಲಿ ಕಟ್ಟಿ ಕಾಯಬೇಕು.

ಬೆಲೆ ಒಂದಕ್ಕೆ 350 ರೂಪಾಯಿ. ಸರ್ವೆ ಸಸಿಯ ಬೆಲೆಗೆ ಹೋಲಿಸಿದರೆ ಬಹಳ ಹೆಚ್ಚೆನಿಸಬಹುದು, ಆದರೆ ಡೆಹ್ರಾಡೂನ್ ಕಡೆಯಿಂದ ಬೀಜ ತರಿಸಿ, ಒಂದೂವರೆ ವರ್ಷ ಸಾಕಿ, ತಾಯಿಗಿಡದ ಮಣ್ಣು ಹಾಕಿ ಕೊಡುವ ಸಸಿಗೆ ಅದು ನ್ಯಾಯವಾದ ಬೆಲೆಯೆಂದೇ ನನ್ನ ತೀರ್ಮಾನ. ಅದೇ ನರ್ಸರಿಯಲ್ಲಿ ಕ್ರಿಸ್‌ಮಸ್ ಗಿಡವೆಂದು ಕುಂಡದಲ್ಲಿ ಮಾರುವ ಅರಾಕೇರಿಯಾ ಕೂಡ ಇದೆ. ಅದರ ಹಲಗೆಯ ಮೇಲೆ ‘ಇದು ಪೈನ್ ಅಲ್ಲ’ ಎಂದು ಕನ್ನಡದಲ್ಲೇ ಬರೆದು ನಿಲ್ಲಿಸಿದ್ದಾರೆ. ವರಾಂಡದಲ್ಲಿ ಇಡಲು, ಎರೆ ಹೊಲದ ಊರಿನವರು ಹಸಿರು ಗೋಪುರದಂಥ ಗಿಡದ ಆಸೆ ತೀರಿಸಿಕೊಳ್ಳಲು ಅದೇ ಮೇಲು.

ಒಟ್ಟಾರೆ ಸಸಿಯ ಗುಣಕ್ಕೆ ಐದರಲ್ಲಿ ಮೂರೂವರೆ, ಸೇವೆಗೆ ಐದರಲ್ಲಿ ಪೂರ್ತಿ ಐದು ಅಂಕ ಕೊಡುತ್ತೇನೆ. ತಮ್ಮ ಕಳೆದ ವರ್ಷ ನಿವೃತ್ತನಾಗಿ ಬಂದಿದ್ದಾನೆ, ತೊಟ್ಟಿಯ ನೀರಿನ ಸರದಿ ಈಗ ಅವನ ಕೈಯಲ್ಲಿದೆ. ಬಾಕಿ ಇರುವ ಎರಡು ಸಸಿಗಳು ಈ ಸಲ ತಯಾರಾಗಿವೆ ಎಂದು ನರ್ಸರಿಯಿಂದ ಕರೆ ಬಂದಿದೆ, ಅವುಗಳ ಜೊತೆಗೆ ಇನ್ನೆರಡನ್ನು ಹಣ ಕೊಟ್ಟು ತರಲಿದ್ದೇವೆ. ಚೀಲದ ತಳ ಬಿಚ್ಚಿ ಬೇರು ನೇರವಾಗಿದೆಯೆಂದು ನೋಡಿದ ಮೇಲೆಯೇ ಸಸಿ ಗಾಡಿಗೆ ಏರಬೇಕು ಎಂದು ಹೇಳಿದ್ದಕ್ಕೆ ಮಾಲೀಕರು ಒಪ್ಪಿದ್ದಾರೆ. ನಾಲ್ಕನ್ನೂ ಹದಿನೈದು ದಿನ ಮುಂಚೆಯೇ ಪರದೆಯಿಂದ ಹೊರಗೆ ತೆಗೆದು, ಬೆಳಗಿನ ಬಿಸಿಲಿಗೆ ಇಟ್ಟಿದ್ದಾರಂತೆ.